ಮಾವಿನ ತೋಪಿನಲ್ಲಿ ಹಾಜರಿ

ಅಜಯ ನದಿಯ ಸೇತುವೆ ದಾಟುತ್ತಿದ್ದಂತೆ ರೈಲಿನ ಕಿಟಕಿಯಾಚೆ ಮಣ್ಣು ಕೆಂಪಾಗುತ್ತದೆ. ಹೌರಾ ಬಿಟ್ಟಾಗಿನಿಂದ ಬರ್ಧಮಾನದವರೆಗೂ ಕಂಡದ್ದು ಗಂಗೆಯ ಬಯಲಿನ ಮೆಕ್ಕಲು ನೆಲ. ಗದ್ದೆ, ಮೀನಿನ ಕೊಳ, ಬಾಳೆಯ ಹಿಂಡಿಲು, ಮತ್ತೆ ಗದ್ದೆ. ನದಿಯ ಈಚೆಗೆ ಬೀರಭೂಮ್ ಜಿಲ್ಲೆ. ಇಲ್ಲಿಯ ನೆಲವನ್ನು ಕರಾವಳಿ ಕರ್ನಾಟಕದವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಅದೇ ಮುರಕಲ್ಲಿನ ಜಾತಿ. ಮಳೆ ಬಂದರೆ ಕೊಚ್ಚಿಕೊಂಡು ಹೋಗುತ್ತದೆ, ಬಿಸಿಲು ಬಿದ್ದರೆ ಹಾರೆಗೂ ಜಗ್ಗುವುದಿಲ್ಲ. ಕರಾವಳಿಗೆ ಬೀಳುವ ಮಳೆಯಲ್ಲಿ ಅರ್ಧದಷ್ಟೂ ಇಲ್ಲಿ ಬೀಳುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಹೌರಾದಿಂದ ಸುಮಾರು 150 ಕಿಲೋಮೀಟರ್ ದೂರದ ಬೋಲ್ಪುರದಲ್ಲಿ ಇಳಿದರೆ ನಿಲ್ದಾಣದ ಹೊರಗೆ ‘ಟೊಟೊ’ಗಳ ಸಾಲು. ಬ್ಯಾಟರಿಯಲ್ಲಿ ಓಡುವ ಈ ಗಾಡಿಗಳು ಪೇಟೆಯ ಇಕ್ಕಟ್ಟಿನಲ್ಲಿ ನುಸುಳಿ, ಬಟ್ಟೆ ಅಂಗಡಿ, ಮಿಠಾಯಿ ಅಂಗಡಿ, ಮೊಬೈಲ್ ಅಂಗಡಿಗಳನ್ನು ದಾಟಿ ಹೋಗುತ್ತವೆ. ಒಂದು ಹಂತದಲ್ಲಿ ರಸ್ತೆಯ ಮೇಲೆ ನೆರಳು ಬೀಳತೊಡಗುತ್ತದೆ. ಅಲ್ಲಿಂದ ಶಾಂತಿನಿಕೇತನ. ಮಾವು, ಶಾಲವೃಕ್ಷ, ಬಕುಳ, ಹಾಲೆ, ಅರ್ಜುನ, ಬೂರುಗ. ಮೊದಲ ಸಲ ಬಂದವರಿಗೆ, ಟಾಗೋರ್ ಮನೆತನದವರು ಒಳ್ಳೆಯದೊಂದು ಕಾಡು ಹುಡುಕಿ ಅದರೊಳಗೆ ಶಾಲೆ ಕಟ್ಟಿಸಿರಬೇಕು ಅನ್ನಿಸುತ್ತದೆ. ನಡೆದದ್ದು ತಿರುಗುಮುರುಗು. ಇಲ್ಲಿ ಕಾಡಿರಲಿಲ್ಲ.

1863ರಲ್ಲಿ ದೇವೇಂದ್ರನಾಥ ಟಾಗೋರ್ ರಾಯಪುರದ ಸಿನ್ಹಾ ಜಮೀನ್ದಾರರಿಂದ ವರ್ಷಕ್ಕೆ 5 ರೂಪಾಯಿ ಗೇಣಿಗೆ 20 ಬಿಘಾ ನೆಲ ಪಡೆದಾಗ ಅಲ್ಲಿದ್ದದ್ದು ಹೆಸರಿಸುವಂಥ ಎರಡೇ ಮರ. ಎರಡೂ ಬಂಗಾಳಿಗಳ ‘ಛಾತಿಮ್’, ನಮ್ಮ ಹಾಲೆ ಮರ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವ ಕಹಿ ಕಷಾಯ ಇದರದೇ ತೊಗಟೆಯದು. ಹಿಂದೆ ಮಕ್ಕಳು ಅಕ್ಷರ ತಿದ್ದುವ ಹಲಗೆಗಳನ್ನು ಇದರ ಹಗುರ ಮರದಿಂದ ಮಾಡುತ್ತಿದ್ದರು. ಆ ಎರಡು ಮರಗಳ ಕೆಳಗೆ ದೇವೇಂದ್ರನಾಥರು ಧ್ಯಾನಕ್ಕೆ ಕೂತರು. ಸುತ್ತಲಿನ ಬಯಲಿಗೆ ಹೊರಗಿನಿಂದ ಒಳ್ಳೆಯ ಮಣ್ಣು ತರಿಸಿ ಮಾವು, ಶಾಲ, ಬಕುಳ ನೆಡಿಸಿದರು. ಮೂಲದ ಹಾಲೆ ಮರಗಳು ಸತ್ತು ಬಹಳ ಕಾಲವಾಯಿತು. ಈಗ ‘ಛಾತಿಮ್‌ತಲಾ’ದಲ್ಲಿರುವುದು ಆ ಜಾಗದಲ್ಲಿ ಮತ್ತೆ ನೆಟ್ಟವು. ಇಂದಿನ ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಹಸಿರೆಲ್ಲ ಹೀಗೆ ದುಡಿದು ಬೆಳೆಸಿದ ಹಸಿರು.

ನಂಬಿಕೆ ಬಾರದವರು ಊರಿನ ಪಶ್ಚಿಮ ಅಂಚಿಗೆ ನಡೆದು ಹೋಗಿ ‘ಖೋಯಾಯ್’ ನೋಡಬೇಕು. ಮಳೆನೀರು ಕೊರೆದು ಮಾಡಿದ ಕೆಂಪು ಕೊರಕಲುಗಳ ಜಾಲ. ಮೇಲ್ಮಣ್ಣು ಹೋಗಿ ಬರಿಯ ಜಲ್ಲಿ ಉಳಿದಿದೆ. ಕೈಯಿಡದೆ ಬಿಟ್ಟಿದ್ದರೆ ಶಾಂತಿನಿಕೇತನವೂ ಹೀಗೇ ಇರುತ್ತಿತ್ತು.

1873ರಲ್ಲಿ ಉಪನಯನದ ತಲೆಬೋಳು ಇನ್ನೂ ಹೊಸದಾಗಿದ್ದಾಗ, ಹನ್ನೊಂದರ ಬಾಲಕ ರವೀಂದ್ರ ತಂದೆಯ ಜೊತೆ ಮೊದಲ ಸಲ ಇಲ್ಲಿಗೆ ಬಂದ. ಕೊರಕಲುಗಳಲ್ಲಿ ಅಲೆದು ಅಂಗಿಯ ತುಂಬ ಬಣ್ಣದ ಕಲ್ಲು ಆಯ್ದು ತಂದು ತಂದೆಗೆ ತೋರಿಸುತ್ತಿದ್ದ. ಕೆರೆ ತೋಡಲು ಹೋಗಿ ಅರ್ಧಕ್ಕೆ ಬಿಟ್ಟ ಮಣ್ಣಿನ ದಿಬ್ಬವೊಂದಿತ್ತು. ಆ ಕಲ್ಲುಗಳಿಂದ ಅದನ್ನು ಸಿಂಗರಿಸು ಎಂದು ತಂದೆ ಹುರಿದುಂಬಿಸಿದರು. ಎಳೆಯ ತೆಂಗಿನ ಗಿಡದ ಬುಡದಲ್ಲಿ ಬರಿಗಾಲು ಚಾಚಿ ಕೂತು ನೋಟ್‌ಬುಕ್ಕಿನಲ್ಲಿ ಪದ್ಯ ಬರೆದದ್ದನ್ನೂ ರವೀಂದ್ರರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಕಲ್ಕತ್ತೆಯ ಮನೆಯಲ್ಲಿ ಇದೇ ಹುಡುಗನನ್ನು ನೋಡಿಕೊಳ್ಳುತ್ತಿದ್ದ ಶ್ಯಾಮ್ ಎಂಬ ಆಳು ಸೀಮೆಸುಣ್ಣದಲ್ಲಿ ಸುತ್ತಲೂ ಗೆರೆ ಎಳೆದು, ದಾಟಿದರೆ ಅಪಾಯ ಎಂದು ಹೆದರಿಸಿ ಹೋಗುತ್ತಿದ್ದ. ಗೆರೆಯೊಳಗೆ ಕೂತ ಹುಡುಗ ಕಿಟಕಿಯಿಂದ ಕೆಳಗಿನ ಕೊಳವನ್ನೂ ಅದರ ದಡದ ಆಲದ ಮರವನ್ನೂ ದಿನವಿಡೀ ನೋಡುತ್ತಿದ್ದ. ಆಮೇಲೆ ಸೇರಿಸಿದ ಶಾಲೆಗಳು ಆ ಗೆರೆಗಿಂತ ವಾಸಿಯಾಗಿರಲಿಲ್ಲ. ಒಂದಾದ ಮೇಲೊಂದು ಶಾಲೆ ಬಿಟ್ಟ ಈ ಹುಡುಗ ನಲವತ್ತರ ವಯಸ್ಸಿನಲ್ಲಿ ತಾನೇ ಒಂದು ಶಾಲೆ ತೆರೆಯಲು ಹೊರಟಾಗ ಕಲ್ಕತ್ತೆಯನ್ನು ಬಿಟ್ಟು ಈ ಕೆಂಪು ನೆಲಕ್ಕೇ ಬಂದದ್ದು ಸೋಜಿಗವೇನಲ್ಲ.

1901ರ ಡಿಸೆಂಬರ್ 22ರಂದು ಐದು ಮಕ್ಕಳಿಂದ ಶಾಲೆ ಶುರುವಾಯಿತು. ಅವರಲ್ಲಿ ಒಬ್ಬ ರವೀಂದ್ರರ ಮಗ ರಥೀಂದ್ರನಾಥ. ಉಪನಿಷತ್ಕಾಲದ ತಪೋವನದ ಕನಸೇ ಈ ಶಾಲೆಯ ಹಿಂದಿನ ಪ್ರೇರಣೆ ಎಂದು ಜನ ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಲೆಕ್ಕದ ಪುಸ್ತಕ ತೆಗೆದರೆ ಇನ್ನೊಂದು ಕಾರಣವೂ ಕಾಣುತ್ತದೆ. ಕೈಯಲ್ಲಿ ದುಡ್ಡಿರಲಿಲ್ಲ. ಶಾಲೆ ನಡೆಸಲು ಹೆಂಡತಿ ಮೃಣಾಲಿನಿಯವರ ಒಡವೆಗಳನ್ನು, ಪುರಿಯಲ್ಲಿದ್ದ ಮನೆಯನ್ನು ಮಾರಿದ ಮನುಷ್ಯ ತರಗತಿಗೊಂದು ಕೋಣೆ ಎಲ್ಲಿಂದ ಕಟ್ಟಿಸಬೇಕು? ತಂದೆ ನೆಡಿಸಿದ ಮರಗಳು ಅಷ್ಟು ಹೊತ್ತಿಗೆ ನೆರಳು ಕೊಡುವಷ್ಟು ಬೆಳೆದಿದ್ದವು. ಶಾಲೆಗೆ ಕಟ್ಟಡಕ್ಕಿಂತ ಮುಂಚೆ ತೋಪು ದೊರಕಿತು. ಬಡತನಕ್ಕೂ ಆದರ್ಶಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದ ಉದಾಹರಣೆಗಳು ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಆ ಶಾಲೆಯ ಈಗಿನ ಹೆಸರು ಪಾಠಭವನ. ಮರದಡಿಯ ತರಗತಿ ಅಲ್ಲಿ ಇವತ್ತಿಗೂ ದಿನನಿತ್ಯದ ವ್ಯವಹಾರ. ಬೆಳಗಿನ ಶಾಲೆ. ಗಂಟೆ ಹೊಡೆದರೆ ಮಕ್ಕಳು ತಮ್ಮ ತಮ್ಮ ಆಸನ ಹಿಡಿದು ಮಾವಿನ ತೋಪಿಗೆ, ಅಂದರೆ ಆಮ್ರಕುಂಜಕ್ಕೆ, ಇಲ್ಲವೇ ಬಕುಳದ ಸಾಲಿಗೆ ನಡೆಯುತ್ತಾರೆ. ಮರದ ಬುಡದಲ್ಲಿ ಮೇಷ್ಟರಿಗೊಂದು ಕಟ್ಟೆ, ಎದುರು ನೆಲದ ಮೇಲೆ ಅರ್ಧ ವೃತ್ತದಲ್ಲಿ ಮಕ್ಕಳು. ಪಿರಿಯಡ್ ಮುಗಿದರೆ ಮೇಷ್ಟರು ಕೂತಲ್ಲೇ ಇರುತ್ತಾರೆ. ಮಕ್ಕಳು ಎದ್ದು ಮುಂದಿನ ವಿಷಯದ ಮರವನ್ನು ಹುಡುಕಿಕೊಂಡು ಹೋಗುತ್ತಾರೆ. ಗಣಿತ ಒಂದು ಮರದಡಿ, ಬಂಗಾಳಿ ಇನ್ನೊಂದರಡಿ. ನಮ್ಮಲ್ಲಿ ಮಗು ಬೆಂಚಿಗೆ ಅಂಟಿಕೊಂಡು ಕೂತು ಮೇಷ್ಟರು ಬದಲಾಗುತ್ತಾರೆ. ಇಲ್ಲಿ ಮಗುವೇ ದಿನಕ್ಕೆ ಏಳೆಂಟು ಸಲ ಎದ್ದು ನೆರಳಲ್ಲಿ ನಡೆಯುತ್ತದೆ. ವಿಲಾಸವೆಂದು ತೋರಬಹುದಾದ ಈ ಏರ್ಪಾಡು ನಿಜಕ್ಕೂ ಬಹಳ ವ್ಯಾವಹಾರಿಕ.

ಕಷ್ಟಗಳೂ ಇವೆ. ಮಳೆ ಬಂದರೆ ತರಗತಿಯನ್ನು ಮಾಡಿನಡಿಗೆ ಒಯ್ಯಬೇಕು. ಪ್ರಯೋಗಾಲಯ ಮರದಡಿ ಆಗುವುದಿಲ್ಲ. ಕೆಂಪಿರುವೆ, ಹಕ್ಕಿಯ ಹಿಕ್ಕೆ, ಪಕ್ಕದ ತರಗತಿಯ ಪದ್ಯ ಎಲ್ಲವೂ ಬಂದು ಸೇರುತ್ತವೆ. ಆದರೂ ಹಿಂದಿನ ಸಾಲಿನ ಹುಡುಗ ಅಳಿಲಿನ ಕಡೆ ನೋಡುತ್ತ ಕೂತರೆ ಅದು ಅಪರಾಧವಾಗುವುದಿಲ್ಲ ಎನ್ನುವುದು ಇಲ್ಲಿಯ ಒಪ್ಪಂದ. 1941ರಲ್ಲಿ ಢಾಕಾದ ಮಿಷನರಿ ಶಾಲೆಯೊಂದರಿಂದ ಇಲ್ಲಿಗೆ ಬಂದು ಸೇರಿದ ಅಮರ್ತ್ಯ ಸೇನ್, ಮುಂದೆ ಆತ್ಮಕಥೆ ಬರೆದಾಗ ಈ ಭಾಗದ ಅಧ್ಯಾಯಕ್ಕೆ ‘ಗೋಡೆಗಳಿಲ್ಲದ ಶಾಲೆ’ ಎಂಬರ್ಥದ ಹೆಸರಿಟ್ಟರು.

ಅಳಿಲು ನೋಡುವ ಹುಡುಗನ ಪರವಾಗಿ ವಾದಿಸಲು ಈಗ ವಿಜ್ಞಾನಿಗಳೂ ಇದ್ದಾರೆ. ಬಾರ್ಸಿಲೋನಾ ನಗರದ 36 ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಯ ಒಳಗೂ ಸುತ್ತಲೂ ಹಸಿರು ಹೆಚ್ಚಿದ್ದ ಕಡೆ ಮಕ್ಕಳ ಕೆಲಸದ ನೆನಪು, ಅಂದರೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಲೆಕ್ಕ ಬಿಡಿಸುವ ಶಕ್ತಿ, ಬೇಗ ಬೆಳೆದದ್ದು ಕಂಡಿತು. ಅದರಲ್ಲಿ ಒಂದು ಪಾಲು ವಾಹನಗಳ ಹೊಗೆಯನ್ನು ಮರಗಳು ತಗ್ಗಿಸಿದ್ದರಿಂದ ಎಂದೂ ಸಂಶೋಧಕರು ಹೇಳಿದರು. ಚೀನಾದ ಗ್ವಾಂಗ್‌ಝೌನಲ್ಲಿ 12 ಶಾಲೆಗಳನ್ನು ಆಯ್ದು, ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷದ ಒಂದು ಪಿರಿಯಡ್ಡನ್ನು ಹೆಚ್ಚುವರಿಯಾಗಿ ಬಯಲಲ್ಲಿ ಕಳೆಯಲು ಬಿಟ್ಟರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಶೇಕಡಾ 30.4 ಮಂದಿಗೆ ಸಮೀಪದೃಷ್ಟಿ ಬಂದಿತ್ತು. ಆ ಹೆಚ್ಚುವರಿ ಪಿರಿಯಡ್ ಇಲ್ಲದವರಲ್ಲಿ ಶೇಕಡಾ 39.5. ಫಿನ್ಲೆಂಡಿನಲ್ಲಿ ಜಲ್ಲಿ ಹಾಸಿದ ಶಿಶುವಿಹಾರದ ಅಂಗಳಗಳಿಗೆ ಕಾಡಿನ ನೆಲದ ಹೊದಿಕೆಯನ್ನೇ ತಂದು ಹಾಸಿ ನೋಡಿದರು. 28 ದಿನಗಳಲ್ಲೇ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧ ವ್ಯವಸ್ಥೆ ಹತೋಟಿಯಲ್ಲಿರುವ ಸೂಚನೆಗಳು ಕಂಡವು. ಮಣ್ಣಾಟ ಆಡಿದ ಮಗುವಿನ ಕೈ ಬೆತ್ತದಿಂದ ಕೆಂಪು ಮಾಡಿದ ಹಳೆಯ ಮೇಷ್ಟರುಗಳೆಲ್ಲ ಈ ಪ್ರಬಂಧ ಓದಬೇಕು.

ಇವು ಯಾವುವೂ ರವೀಂದ್ರರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅವರಿಗೆ ಕಂಡಿರಲಾರದು. ಮಗುವಿಗೆ ಮರ ಬೇಕು ಎನ್ನಲು ಅವರ ಬಳಿ ಸೀಮೆಸುಣ್ಣದ ಗೆರೆಯ ನೆನಪಿತ್ತು.

ಆಮ್ರಕುಂಜದ ನೆಲ ಪಾಠಗಳಷ್ಟೇ ಸಭೆಗಳನ್ನೂ ಕಂಡಿದೆ. ನೊಬೆಲ್ ಸುದ್ದಿ ಬಂದ 1913ರ ನವೆಂಬರಿನಲ್ಲಿ ಕಲ್ಕತ್ತೆಯಿಂದ ವಿಶೇಷ ರೈಲು ಮಾಡಿಕೊಂಡು ಐನೂರರಷ್ಟು ಜನ ಅಭಿನಂದಿಸಲು ಬಂದರು. ಅವರಲ್ಲಿ ಹಲವರು ಅಲ್ಲಿಯವರೆಗೆ ತನ್ನನ್ನು ಹಳಿದವರೇ ಎಂಬ ಸಿಟ್ಟಿನಲ್ಲಿ ಕವಿ ಇದೇ ಮಾವುಗಳ ಕೆಳಗೆ ಖಾರವಾಗಿ ಉತ್ತರಿಸಿ ಅತಿಥಿಗಳ ಮುಖ ಬಾಡಿಸಿ ಕಳಿಸಿದರು. 1921ರ ಡಿಸೆಂಬರ್ 23ರಂದು ವಿಶ್ವಭಾರತಿ ವಿಶ್ವವಿದ್ಯಾಲಯ ವಿಧ್ಯುಕ್ತವಾಗಿ ಹುಟ್ಟಿದ್ದೂ ಈ ತೋಪಿನಲ್ಲಿ. ಅಂದಿನ ಅಧ್ಯಕ್ಷರು ಬ್ರಜೇಂದ್ರನಾಥ ಸೀಲ್. ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ. ಅಲ್ಲಿಂದಾಚೆ ಘಟಿಕೋತ್ಸವವೂ ಇಲ್ಲಿಯೇ ನಡೆದುಕೊಂಡು ಬಂದಿದೆ. ಪದವೀಧರರಿಗೆ ಏಳೆಲೆಯ ಹಾಲೆಯ ಗೊಂಚಲು ಕೊಡುವುದು ಸಂಪ್ರದಾಯ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗದ ಪದವಿ ಪತ್ರ.

ತೋಪಿನಿಂದ ಸ್ವಲ್ಪ ದೂರದಲ್ಲಿ ‘ತಾಲಧ್ವಜ’ ಎಂಬ ದುಂಡನೆಯ ಮಣ್ಣಿನ ಗುಡಿಸಲಿದೆ. ನಡುವೆ ತಾಳೆಮರವೊಂದು ಹುಲ್ಲಿನ ಮಾಡನ್ನು ತೂರಿಕೊಂಡು ಎದ್ದು ನಿಂತಿದೆ. ಮರ ಕಡಿಯದೆ ಅದರ ಸುತ್ತಲೇ ಮನೆ ಕಟ್ಟಲಾಗಿದೆ. ಇಲ್ಲಿದ್ದವರು ತೇಜೇಶ್‌ಚಂದ್ರ ಸೇನ್ ಎಂಬ ಮೇಷ್ಟರು. ಮರಗಿಡಗಳ ಹುಚ್ಚಿನವರು, ಮಕ್ಕಳಿಗೆ ಪ್ರಕೃತಿ ಪಾಠ ಹೇಳಿದವರು. ಇನ್ನೊಬ್ಬರು ಜಗದಾನಂದ ರಾಯ್. ವಿಜ್ಞಾನ ಹೇಳುತ್ತ, ಗಿಡಮರ, ಹುಳಹುಪ್ಪಟೆ, ಗ್ರಹನಕ್ಷತ್ರಗಳ ಬಗ್ಗೆ ಬಂಗಾಳಿಯಲ್ಲಿ ಮಕ್ಕಳಿಗಾಗಿ ಪುಸ್ತಕಗಳನ್ನೇ ಬರೆದರು. ಶಾಲೆಯ ತೋಟಕ್ಕೆ ಗೊಬ್ಬರ ಎಷ್ಟು ಮುಖ್ಯವೋ ಇಂಥ ಒಬ್ಬ ಮೇಷ್ಟರೂ ಅಷ್ಟೇ ಮುಖ್ಯ. ಮರದ ಹೆಸರು ಹೇಳುವವರಿಲ್ಲದೆ ಹೋದರೆ ನೂರು ಮರಗಳ ನಡುವೆಯೂ ಮಕ್ಕಳು ಬರಿಯ ‘ಗಿಡ’ ನೋಡಿ ಬೆಳೆಯುತ್ತಾರೆ. ರವೀಂದ್ರರಿಗಂತೂ ಹೆಸರಿಲ್ಲದ ಬಳ್ಳಿ ಕಂಡರೆ ತಡೆಯುತ್ತಿರಲಿಲ್ಲ. ಹೊರದೇಶದಿಂದ ಬಂದು ತಾವಿದ್ದ ‘ಉತ್ತರಾಯಣ’ ನಿವಾಸದ ಅಂಗಳದಲ್ಲಿ ನೀಲಿ ಹೂ ಬಿಟ್ಟ ಪೆಟ್ರಿಯಾ ಬಳ್ಳಿಗೆ ‘ನೀಲಮಣಿಲತಾ’ ಎಂದು ಹೆಸರಿಟ್ಟು ಅದರ ಮೇಲೊಂದು ಕವಿತೆಯನ್ನೂ ಬರೆದರು. ಬಂಗಾಳದಲ್ಲಿ ಈಗ ಅದಕ್ಕೆ ಅದೇ ಹೆಸರು.

1928ರ ಬೇಸಿಗೆಯಲ್ಲಿ ಕವಿ ಬೆಂಗಳೂರಿನಲ್ಲಿದ್ದರು, ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ. ಬಾಲಬ್ರೂಯಿ ಬಂಗಲೆಯ ದೊಡ್ಡ ಮರಗಳ ನಡುವೆ ‘ಶೇಷೇರ್ ಕಬಿತಾ’ ಕಾದಂಬರಿಯನ್ನು ಮುಗಿಸಿ ಊರಿಗೆ ಮರಳಿದರು. ಆ ಜುಲೈ 14ರಂದು ಶಾಂತಿನಿಕೇತನದಲ್ಲಿ ಮೊದಲ ವೃಕ್ಷಾರೋಪಣ ಉತ್ಸವ ನಡೆಯಿತು. ಸಸಿಯನ್ನು ಸಿಂಗರಿಸಿದ ಪಲ್ಲಕ್ಕಿಯಲ್ಲಿ ಇಟ್ಟು ಹಾಡು, ಕುಣಿತ, ಶಂಖದ ಸದ್ದಿನೊಂದಿಗೆ ತರುತ್ತಾರೆ. ಪೃಥ್ವಿ, ಜಲ, ತೇಜಸ್ಸು, ವಾಯು, ಆಕಾಶಗಳ ವೇಷದಲ್ಲಿ ಐವರು ಮಕ್ಕಳು ಅದನ್ನು ಹರಸುತ್ತಾರೆ. ಕವಿ ತೀರಿಕೊಂಡ ಮೇಲೆ ಈ ಉತ್ಸವ ಅವರ ಪುಣ್ಯತಿಥಿಯಾದ ಬಂಗಾಳಿ ಪಂಚಾಂಗದ ಶ್ರಾವಣ 22ಕ್ಕೆ ಸೇರಿಕೊಂಡಿತು. ಸ್ಮಾರಕ ಸಭೆಯ ದಿನ ಭಾಷಣದ ಜೊತೆಗೆ ಒಂದು ಗುಂಡಿಯನ್ನೂ ತೋಡುತ್ತಾರೆ. ಕೆ.ಎಂ. ಮುನ್ಷಿಯವರು ಕೇಂದ್ರ ಸಚಿವರಾಗಿ ದೇಶಕ್ಕೆಲ್ಲ ವನಮಹೋತ್ಸವ ಆರಂಭಿಸಿದ್ದು 1950ರಲ್ಲಿ, ಅಂದರೆ ಇದಾದ 22 ವರ್ಷಗಳಿಗೆ.

ಆ ಮೊದಲ ಉತ್ಸವಕ್ಕೆಂದು ರವೀಂದ್ರರು ಬರೆದು ಓದಿದ ಕಥೆ ‘ಬಲಾಯ್’. ತಾಯಿಯಿಲ್ಲದ ಹುಡುಗನೊಬ್ಬ ತೋಟದ ಕಾಲುದಾರಿಯ ನಟ್ಟನಡುವೆ ತಾನಾಗಿ ಎದ್ದ ಬೂರುಗದ ಸಸಿಯನ್ನು ಪ್ರಾಣದಂತೆ ಹಚ್ಚಿಕೊಳ್ಳುತ್ತಾನೆ. ಚಿಕ್ಕಪ್ಪನಿಗೆ ಅದು ದಾರಿಗಡ್ಡ ಬೆಳೆದ ಕಳೆ. ಹುಡುಗ ದೂರದೂರಿಗೆ ಓದಲು ಹೋದ ಮೇಲೆ ಮರವನ್ನು ಕಡಿಸುತ್ತಾನೆ. ವಿಲಾಯತಿಗೆ ಹೊರಡುವ ಮುನ್ನ ಹುಡುಗ ಕಾಗದ ಬರೆದು ತನ್ನ ಬೂರುಗದ ಒಂದು ಫೋಟೊ ಕಳಿಸಿ ಎಂದು ಕೇಳುತ್ತಾನೆ. ಚಿಕ್ಕಮ್ಮ ಎರಡು ದಿನ ಊಟ ಬಿಡುತ್ತಾಳೆ. ಹಬ್ಬದ ದಿನ ಮರ ಕಡಿದ ಕಥೆ ಓದುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಸಸಿ ನೆಡುವುದು ಸುಲಭ, ಅದು ದಾರಿಗೆ ಅಡ್ಡವಾದಾಗ ಉಳಿಸಿಕೊಳ್ಳುವುದು ಕಷ್ಟ ಎನ್ನುವುದನ್ನು ಅವರು ಮೊದಲ ದಿನವೇ ಮಕ್ಕಳ ಎದುರಿಗಿಟ್ಟರು. ಆಟದ ಮೈದಾನದ ಮೂಲೆಯ ಹೊಂಗೆಯನ್ನು ಸೈಕಲ್ ಶೆಡ್ಡಿಗಾಗಿ ಉರುಳಿಸಿದ ನಮ್ಮೂರ ಶಾಲೆಗಳಲ್ಲೂ ಇದನ್ನು ಓದಿಸಬಹುದು.

ಈ ಹಸಿರಿನ ಹಿಂದೆ ಕೆಲಸ ಮಾಡಿದ ಕೈಗಳು ಯಾರವು ಎಂದು ಕೇಳದೆ ಪ್ರವಾಸ ಮುಗಿಯುವುದಿಲ್ಲ. ಮಾಲಿಗಳು ದುಡಿದಿದ್ದಾರೆ, ಸುತ್ತಲಿನ ಸಂತಾಲ ಹಳ್ಳಿಗಳ ಜನ ದುಡಿದಿದ್ದಾರೆ. ಮಗನನ್ನು ಬ್ಯಾರಿಸ್ಟರ್ ಮಾಡುವ ಬದಲು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬೇಸಾಯ ಕಲಿಯಲು ಕಳಿಸಿದ ತಂದೆ ರವೀಂದ್ರರು. 1909ರಲ್ಲಿ ಪದವಿ ಪಡೆದು ಬಂದ ರಥೀಂದ್ರನಾಥ ಮುಂದೆ ಉತ್ತರಾಯಣದ ಉದ್ಯಾನವನ್ನು ತಾವೇ ರೂಪಿಸಿದರು. ಜಪಾನಿ ಬಗೆಯ ಕೊಳ, ಗುಲಾಬಿಯ ಪಾತಿ, ಬಳ್ಳಿ ಹಬ್ಬಿಸಿದ ಚಪ್ಪರಗಳನ್ನು ಆ ಜಲ್ಲಿ ನೆಲದಲ್ಲಿ ಎಬ್ಬಿಸಿದ ಹಟ ಮೆಚ್ಚುವಂಥದ್ದು. ಮಕ್ಕಳ ಪಾಲಿನ ಕೆಲಸಕ್ಕೆ ಕಾರಣರಾದವರು ಗಾಂಧೀಜಿ. 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಹೊಸದರಲ್ಲಿ ಇಲ್ಲಿ ತಂಗಿದ್ದಾಗ, ಅಡುಗೆ, ಕಸ, ಕಕ್ಕಸು ಎಲ್ಲವನ್ನೂ ನೀವೇ ಮಾಡಿಕೊಳ್ಳಬೇಕು ಎಂದರು. ಉತ್ಸಾಹ ಬಹಳ ದಿನ ಉಳಿಯಲಿಲ್ಲ. ಆದರೆ ಮಾರ್ಚ್ 10 ಇಂದಿಗೂ ‘ಗಾಂಧಿ ಪುಣ್ಯಾಹ’. ಆ ದಿನ ಕೆಲಸಗಾರರಿಗೆ ರಜೆ. ಮೇಷ್ಟರೂ ಮಕ್ಕಳೂ ಪೊರಕೆ ಹಿಡಿದು ಆಶ್ರಮದ ತರಗೆಲೆ ಗುಡಿಸುತ್ತಾರೆ. ವರ್ಷಕ್ಕೊಂದು ದಿನದ ಶ್ರಮ ಸಾಂಕೇತಿಕವೇ ಹೌದು, ಆದರೆ ಎಷ್ಟು ಎಲೆ ಉದುರುತ್ತದೆ ಎಂಬ ಅಂದಾಜಾದರೂ ಸಿಗುತ್ತದೆ.

ನಿಜವಾದ ಮಣ್ಣಿನ ಕೆಲಸ ನೋಡಬೇಕೆಂದರೆ ಎರಡು ಮೂರು ಕಿಲೋಮೀಟರ್ ಆಚೆಯ ಶ್ರೀನಿಕೇತನಕ್ಕೆ ಹೋಗಬೇಕು. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ಕೃಷಿ ತಜ್ಞರ ಜೊತೆಗೂಡಿ ರವೀಂದ್ರರು 1922ರಲ್ಲಿ ಆರಂಭಿಸಿದ ಗ್ರಾಮೋದ್ಧಾರ ಕೇಂದ್ರ ಅದು. 1928ರಲ್ಲಿ ಇಲ್ಲಿ ನೇಗಿಲು ಹೂಡುವ ‘ಹಲಕರ್ಷಣ’ ಉತ್ಸವ ಶುರುವಾಯಿತು; ಅದರ ದೃಶ್ಯವನ್ನು ನಂದಲಾಲ್ ಬೋಸ್ ಗೋಡೆಯ ಮೇಲೆ ಚಿತ್ರಿಸಿದರು. ಅದಕ್ಕೂ ಮುಂಚೆ, 1924ರಲ್ಲಿ, ಹಳ್ಳಿಯ ಬಡಮಕ್ಕಳಿಗಾಗಿ ‘ಶಿಕ್ಷಾಸತ್ರ’ ಎಂಬ ಶಾಲೆ ತೆರೆದಿದ್ದರು. ಕಲ್ಕತ್ತೆಯ ಸ್ಥಿತಿವಂತರ ಮಕ್ಕಳು ಸೇರತೊಡಗಿ ಮೊದಲಿನ ಶಾಲೆ ಪರೀಕ್ಷೆ, ಪದವಿಗಳ ಕಡೆಗೆ ವಾಲುತ್ತಿದೆ ಎಂಬ ಕೊರಗು ರವೀಂದ್ರರಿಗಿತ್ತು. ಶಿಕ್ಷಾಸತ್ರದಲ್ಲಿ ತರಕಾರಿ ಬೆಳೆ, ಅಡುಗೆ, ನೇಯ್ಗೆ, ಊರ ನೈರ್ಮಲ್ಯವೇ ಪಠ್ಯ. ಅಲ್ಲಿ ದುಡಿದಿದ್ದ ಇ. ಡಬ್ಲ್ಯು. ಆರ್ಯನಾಯಕಂ ಮುಂದೆ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ನಯೀ ತಾಲೀಮನ್ನು ಮುನ್ನಡೆಸಿದರು. ನಮ್ಮ ಹಳೆಯ ಮೂಲ ಶಿಕ್ಷಣ ಶಾಲೆಗಳಲ್ಲಿ ತಕಲಿ ನೂತು, ಬದನೆ ಗಿಡಕ್ಕೆ ನೀರು ಹೊತ್ತವರು ಈ ದಾರಿಯ ದೂರದ ನೆಂಟರು. ಪ್ರವಾಸಿಗರು ಶ್ರೀನಿಕೇತನಕ್ಕೆ ಬರುವುದು ಕಡಿಮೆ. ಶಾಂತಿನಿಕೇತನದಲ್ಲಿ ನೆರಳಿದೆ, ಇಲ್ಲಿ ಕೆಲಸವಿದೆ. ಯಾವುದು ಫೋಟೊಕ್ಕೆ ಚೆಂದ ಎಂಬುದು ಗೊತ್ತಿದ್ದದ್ದೇ.

ಶನಿವಾರ ಮಧ್ಯಾಹ್ನವಾದರೆ ಎಲ್ಲ ಟೊಟೊಗಳೂ ಖೋಯಾಯ್ ಬದಿಯ ಸೋನಾಝುರಿ ಕಾಡಿನ ಸಂತೆಗೆ ಓಡುತ್ತವೆ. ಕಾಂತಾ ಕಸೂತಿಯ ಸೀರೆ, ಡೋಕ್ರಾ ಎರಕದ ಗೊಂಬೆ, ಬಾವುಲರ ಏಕತಾರಿ, ಸಂತಾಲರ ಮಾದಳದ ಸದ್ದು. ಬಂಗಾಳಿಗಳು ಅಷ್ಟು ಅಕ್ಕರೆಯಿಂದ ಸೋನಾಝುರಿ ಎಂದು ಕರೆಯುವ ಆ ಮರವನ್ನು ತಲೆಯೆತ್ತಿ ನೋಡಿದರೆ ಮಲೆನಾಡಿನವರಿಗೆ ನಗು ಬಂದೀತು. ಅದು ಅಕೇಶಿಯಾ! ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಸಹಜ ಕಾಡನ್ನು ನುಂಗಿತೆಂದು ಜನ ಶಪಿಸುವ, ಆಸ್ಟ್ರೇಲಿಯಾದ ಕಡೆಯಿಂದ ಬಂದ ಅದೇ ಮರ. ಸವೆದ ಜಲ್ಲಿ ನೆಲದಲ್ಲಿ ಬೇರೂರಿದರೆ ಅದು ಉಪಕಾರಿ, ಮಲೆನಾಡಿನಲ್ಲಿ ಅತಿಕ್ರಮಣಕಾರ. ಶಾಲೆಯ ಅಂಗಳಕ್ಕೆ ಯಾವ ಸಸಿ ಎಂದು ಆರಿಸುವವರು ಇಷ್ಟಾದರೂ ಯೋಚಿಸಬೇಕು. ನರ್ಸರಿಯಲ್ಲಿ ಉಳಿದದ್ದನ್ನೆಲ್ಲ ತಂದು ನೆಡುವುದು ತೋಟವಲ್ಲ.

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವದ ಜೊತೆ ಜನಜಂಗುಳಿಯೂ ಬರುತ್ತದೆ. ಮರದಡಿ ಭೂಗೋಳ ಕಲಿಯುವ ಮಗುವನ್ನು ಬೇಲಿಯಾಚೆಯಿಂದ ಮೊಬೈಲಿನಲ್ಲಿ ಸೆರೆಹಿಡಿಯುವವರನ್ನು ತಡೆಯುವುದು ಹೇಗೆ? ಅದಕ್ಕೆ ಬೇಲಿ, ಗೇಟು, ಕಾವಲುಗಾರರು. ಬಯಲಿನ ಶಾಲೆಗೆ ಗೋಡೆ ಎಷ್ಟು ಎನ್ನುವುದು ಇಲ್ಲಿಯ ಹಳೆಯ ಜಗಳ. 2020ರ ಆಗಸ್ಟಿನಲ್ಲಿ ಪೌಷ ಮೇಳವೆಂಬ ಚಳಿಗಾಲದ ಜಾತ್ರೆಯ ಮೈದಾನಕ್ಕೆ ಗೋಡೆ ಕಟ್ಟಲು ಹೊರಟಾಗ ಅದು ಬೀದಿಗೇ ಬಂತು. ಜನ ಸೇರಿ ಕಟ್ಟುತ್ತಿದ್ದುದನ್ನು ಕೆಡವಿದರು. ಆಡಳಿತದವರಿಗೆ ಒತ್ತುವರಿಯ, ಭದ್ರತೆಯ ಚಿಂತೆ. ಊರವರಿಗೆ ತಲೆಮಾರುಗಳಿಂದ ಓಡಾಡಿದ ಬಯಲು ಕೈತಪ್ಪುವ ಚಿಂತೆ. ಎರಡೂ ನಿಜ. ಆದರೆ ಅಲ್ಲಿ ಪಾಠ ನಡೆಯುತ್ತಿರುವಷ್ಟು ಹೊತ್ತು ಮಕ್ಕಳ ಪಕ್ಷ ವಹಿಸುವುದೇ ಸರಿ; ನೋಡಲು ಬಂದವರು ಮಧ್ಯಾಹ್ನದವರೆಗೆ ಕಾಯಬಹುದು.

ಕರ್ನಾಟಕಕ್ಕೂ ಈ ಕವಿಗೂ ನಂಟು ಹಳೆಯದು. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರ ಅಲ್ಲಿಗೆ ಬಂದು ಕಡಲು, ಗಾಳಿಮರ, ಕಾಳಿ ನದಿಯ ನಡುವೆ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಆ ಕಡಲತೀರಕ್ಕೆ ಅವರ ಹೆಸರಿದೆ. ಶಾಂತಿನಿಕೇತನದಿಂದ ಹಿಂದಿರುಗುವ ಕನ್ನಡದ ಮೇಷ್ಟರು, ಮೇಡಂಗಳ ತಲೆಯಲ್ಲಿ ಮಾತ್ರ ಕಾರವಾರ ಇರುವುದಿಲ್ಲ, ತಮ್ಮ ಶಾಲೆಯ ಅಂಗಳ ಇರುತ್ತದೆ.

ನಮ್ಮಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. ‘ಮಗುವಿಗೊಂದು ಮರ, ಶಾಲೆಗೊಂದು ವನ’ ಎಂದು ಅರಣ್ಯ ಇಲಾಖೆ ಸಸಿ ಹಂಚಿದೆ. 2002ರಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ಎಷ್ಟೋ ಶಾಲೆಗಳ ಹಿತ್ತಿಲಲ್ಲಿ ನುಗ್ಗೆ, ಕರಿಬೇವು, ಬಸಳೆ, ಪಪ್ಪಾಯಿ ಎದ್ದಿವೆ. ಬಿಸಿಯೂಟದ ಸಾರಿಗೆ ಸೊಪ್ಪು ಅಲ್ಲಿಂದಲೇ. ಶಾಲಾ ಪೌಷ್ಟಿಕ ಕೈತೋಟಕ್ಕೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಇನ್ನೊಂದು ಕಡೆ, ಅನುದಾನ ಬಂದೊಡನೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಉಳಿದ ಎರಡು ಮರಗಳ ಬುಡಕ್ಕೆ ಸಿಮೆಂಟ್ ಮೆತ್ತಿ, ಚೊಕ್ಕಟವಾಯಿತು ಎಂದು ಸಂಭ್ರಮಿಸುವ ಶಾಲೆಗಳೂ ಬೇಕಾದಷ್ಟಿವೆ. ಬಿಸಿಲಿಗೆ ಬೇಯುವ ಡಾಂಬರಿನ ಆಟದಂಗಳಗಳನ್ನು ಪ್ಯಾರಿಸ್ ನಗರ 2018ರಿಂದ ಕಿತ್ತು ಮಣ್ಣು, ಮರ, ನೀರು ತುಂಬಿಸುತ್ತಿದೆ. ಅವರು ದುಡ್ಡು ಕೊಟ್ಟು ಕೀಳಿಸುತ್ತಿರುವುದನ್ನು ನಾವು ದುಡ್ಡು ಕೊಟ್ಟು ಹಾಸುತ್ತಿದ್ದೇವೆ.

ಶಾಂತಿನಿಕೇತನದ ಮರಗಳು ಉಳಿದದ್ದಕ್ಕೆ ಕವಿಯ ಹೆಸರಿಗಿಂತ ಸಾಧಾರಣವಾದ ಕಾರಣವೊಂದಿದೆ. ಮೇಷ್ಟರು, ಮಕ್ಕಳು, ಮಾಲಿಗಳು ಎಲ್ಲರೂ ಅಲ್ಲೇ ವಾಸವಿದ್ದರು. ಬೀರಭೂಮಿನ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲೂ ಆ ನೆಲದಲ್ಲಿ ನೀರು ಹಾಕುವ ಮನುಷ್ಯರಿದ್ದರು. ನಮ್ಮ ಸರ್ಕಾರಿ ಶಾಲೆಯಲ್ಲಿ ಜೂನ್ 5ರ ಪರಿಸರ ದಿನ ನೆಟ್ಟ ಸಸಿ ಮಳೆಗಾಲ ದಾಟುತ್ತದೆ, ಚಳಿಗಾಲ ದಾಟುತ್ತದೆ, ಮಾರ್ಚಿನ ಪರೀಕ್ಷೆಯನ್ನೂ ದಾಟುತ್ತದೆ. ಏಪ್ರಿಲ್ 10ರ ಸುಮಾರಿಗೆ ಗೇಟಿಗೆ ಬೀಗ ಬೀಳುತ್ತದೆ. ಸಸಿ ಸಾಯುವುದು ಆಗ. ಒಂದೋ ನೀರಿಲ್ಲದೆ, ಇಲ್ಲವೇ ಬೇಲಿ ಸಂದಿಯಿಂದ ನುಗ್ಗಿದ ಮೇಕೆಯಿಂದ. ಮರುವರ್ಷ ಅದೇ ಗುಂಡಿಗೆ ಹೊಸ ಸಸಿ, ಹೊಸ ಫೋಟೊ. ಕೈತೋಟ ಉಳಿಸಿಕೊಂಡ ಶಾಲೆಗಳನ್ನು ವಿಚಾರಿಸಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: ಶಾಲೆಯ ಪಕ್ಕದ ಮನೆಯ ಅಜ್ಜಿಯೊಬ್ಬರ ಕೈಯಲ್ಲಿ ಗೇಟಿನ ಎರಡನೆಯ ಕೀಲಿ ಇರುತ್ತದೆ, ಇಲ್ಲವೇ ಬಿಸಿಯೂಟದ ಅಡುಗೆಯವರು ಸಂಜೆ ಬಂದು ಹೋಗುತ್ತಾರೆ, ಇಲ್ಲವೇ ಊರಿನ ಮಕ್ಕಳೇ ವಾರಕ್ಕಿಬ್ಬರಂತೆ ಸರದಿ ಹಚ್ಚಿಕೊಂಡಿರುತ್ತಾರೆ. ಬೇಸಿಗೆ ರಜೆಗೆ ಮುಂಚಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಸರದಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು, ಕೀಲಿ ಯಾರಿಗೆ ಎಂದು ತೀರ್ಮಾನಿಸಲು ಹತ್ತು ನಿಮಿಷ ಸಾಕು. ಅನುದಾನವೂ ಬೇಕಿಲ್ಲ.